ಮಕ್ಕಳ ಬೇಸ್‌ಬಾಲ್: ಸಣ್ಣ ನಿಯಮಗಳ ವಿಷಯದಲ್ಲಿ ಅಂಪೈರ್ ಎಷ್ಟು ಬಿಗಿಯಾಗಿರಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗನಿಗೆ ಹತ್ತು ವರ್ಷ, ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ಮೈನರ್ ವಿಭಾಗದಲ್ಲಿ ಆಡುತ್ತಾನೆ. ಅಂಪೈರ್‌ಗಳು ಸಾಲುತ್ತಿಲ್ಲ ಎಂದು ಲೀಗ್‌ನವರು ಪೋಷಕರನ್ನು ಕೇಳಿದಾಗ ನಾನು ಒಪ್ಪಿಕೊಂಡೆ. ಊರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು, ಬೇಸ್‌ಬಾಲ್ ಕಲಿತದ್ದು ಮಗನ ಜೊತೆಗೇ. ಒಂದು ಪಂದ್ಯದಲ್ಲಿ ಪಿಚ್, ಅಂದರೆ ಪಿಚರ್ ಎಸೆದ ಚೆಂಡು, ಬ್ಯಾಟರ್ ಹತ್ತಿರ ಬರುವ ಮೊದಲೇ ಬೇಸ್ ಬಿಟ್ಟ ಹುಡುಗನಿಗೆ ಔಟ್ ಕೊಟ್ಟೆ. ಅವನು ಅತ್ತುಬಿಟ್ಟ, ಪೋಷಕರು ಕೂಗಾಡಿದರು. ಮುಂದಿನ ವಾರ ಅದೇ ತಪ್ಪನ್ನು ಕಂಡೂ ಕಾಣದಂತೆ ಬಿಟ್ಟೆ. ಎದುರು ತಂಡದ ಕೋಚ್ ಕೆಂಡವಾದರು. ಬ್ಯಾಟ್ ಎಸೆದ ಹುಡುಗಿಗೆ ಔಟ್ ಕೊಡಬೇಕಿತ್ತು ಎಂದು ಒಬ್ಬರು ಹೇಳಿದರೆ, ಪಿಚರ್ ಕಾಲು ರಬ್ಬರ್ (ಎಸೆಯುವಾಗ ತಾಗಿರಬೇಕಾದ ಪಟ್ಟಿ) ಮೇಲಿರಲಿಲ್ಲ ಎಂದು ಇನ್ನೊಬ್ಬರು. ನಮ್ಮವರದೇ ಒಬ್ಬ ಹುಡುಗನ ಮಣಿಕಟ್ಟಿನಲ್ಲಿ ಕಪ್ಪು ದಾರ ಇತ್ತು, ತೆಗೆಸಬೇಕಿತ್ತೇ? ಹಳಬರೊಬ್ಬರು 'ಮಕ್ಕಳ ಆಟ, ಸಣ್ಣಪುಟ್ಟದ್ದು ಬಿಟ್ಟುಬಿಡಿ' ಎನ್ನುತ್ತಾರೆ. ಕೊಟ್ಟ ಪುಸ್ತಕದಲ್ಲಿ 'ಬಿಟ್ಟುಬಿಡಿ' ಎಂದು ಎಲ್ಲೂ ಬರೆದಿಲ್ಲ. ಈಗ ಮಗನ ತಂಡದ ಪಂದ್ಯಕ್ಕೂ ನಿಲ್ಲಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಹಿಡಿದರೆ ಕಲ್ಲೆದೆಯವನು, ಬಿಟ್ಟರೆ ಪಕ್ಷಪಾತಿ. ನಿಮ್ಮ ಸಂಕಟ ಮಕ್ಕಳ ಪಂದ್ಯಕ್ಕೆ ನಿಲ್ಲುವ ಹೊಸ ಅಂಪೈರ್‌ಗಳೆಲ್ಲರದೂ ಹೌದು. ಆದರೆ ನೀವು ಹೇಳಿರುವ ಜಗಳಗಳನ್ನು ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಬಿಗಿ-ಸಡಿಲದ ಪ್ರಶ್ನೆಯೇ ಅಲ್ಲ. ನಿಯಮ ನಿಜವಾಗಿ ಏನು ಹೇಳುತ್ತದೆ ಎಂಬುದು ಮೈದಾನದಲ್ಲಿದ್ದ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅಷ್ಟೆ. ಅದನ್ನು ಮೊದಲು ತೆಗೆದುಕೊಳ್ಳೋಣ, ಉಳಿದದ್ದು ಆಮೇಲೆ.

ಬೇಸ್ ಬಿಟ್ಟ ಹುಡುಗನಿಗೆ ನೀವು ಔಟ್ ಕೊಟ್ಟದ್ದು ಬಿಗಿಯಾಗಲಿಲ್ಲ, ತಪ್ಪಾಯಿತು. ಲಿಟಲ್ ಲೀಗ್ ಬೇಸ್‌ಬಾಲ್‌ನ ಮೈನರ್ ಮತ್ತು ಮೇಜರ್ ವಿಭಾಗಗಳಲ್ಲಿ ಪಿಚರ್ ಎಸೆದ ಚೆಂಡು ಬ್ಯಾಟರ್‌ನನ್ನು ತಲುಪುವವರೆಗೆ ರನ್ನರ್ (ಬೇಸ್‌ನಲ್ಲಿ ನಿಂತು ಮುಂದಿನ ಬೇಸ್‌ಗೆ ಓಡಲು ಕಾಯುವವನು) ಬೇಸ್ ಬಿಡುವಂತಿಲ್ಲ, ಇದು ನಿಜ. 7.13 ಎಂಬ ನಿಯಮ. ಆದರೆ ಅದಕ್ಕೆ ಶಿಕ್ಷೆ ಔಟ್ ಅಲ್ಲ. ಔಟ್ ಇರುವುದು ಲಿಟಲ್ ಲೀಗ್ ಸಾಫ್ಟ್‌ಬಾಲ್‌ನಲ್ಲಿ, ಅಂದರೆ ದೊಡ್ಡ ಚೆಂಡಿನಿಂದ ಆಡುವ ಸೋದರ ಆಟದಲ್ಲಿ. ಅಕ್ಕಪಕ್ಕದ ಮೈದಾನಗಳಲ್ಲಿ ಎರಡೂ ನಡೆಯುವುದರಿಂದ ಈ ಎರಡು ನಿಯಮಗಳು ಜನರ ತಲೆಯಲ್ಲಿ ಕಲಸಿಹೋಗುತ್ತವೆ. ಕ್ರಿಕೆಟ್‌ನಿಂದ ಬಂದ ನಮ್ಮವರಿಗೆ ಇನ್ನೊಂದು ಕಾರಣವೂ ಇದೆ. ಚೆಂಡು ಹಾಕುವ ಮೊದಲೇ ಕ್ರೀಸ್ ಬಿಟ್ಟ ನಾನ್‌ಸ್ಟ್ರೈಕರ್‌ನನ್ನು ಬೌಲರ್ ರನ್‌ಔಟ್ ಮಾಡಬಹುದು ಎಂಬುದು ಮನಸ್ಸಿನಲ್ಲಿ ಕೂತಿರುತ್ತದೆ.

ಬೇಸ್‌ಬಾಲ್‌ನಲ್ಲಿ ಮಾಡಬೇಕಾದದ್ದು ಹೀಗೆ. ಹಿಂದಿನ ಜೇಬಿನಲ್ಲಿ ಒಂದು ಕೆಂಪು ಬಟ್ಟೆ ಇಟ್ಟುಕೊಂಡಿರಿ. ರನ್ನರ್ ಬೇಗ ಹೊರಟದ್ದು ಕಂಡ ತಕ್ಷಣ ಅದನ್ನು ನೆಲಕ್ಕೆ ಹಾಕಿ, ಆಟ ನಿಲ್ಲಿಸಬೇಡಿ. ಆಟ ತಾನಾಗಿ ಮುಗಿಯಲಿ. ಆ ಓಟದಲ್ಲಿ ರನ್ನರ್ ಔಟಾದರೆ ಔಟ್ ಹಾಗೇ ಉಳಿಯುತ್ತದೆ. ಬ್ಯಾಟರ್ ಚೆಂಡು ಹೊಡೆಯದೆ, ರನ್ನರ್ ಮುಂದಿನ ಬೇಸ್ ಸುರಕ್ಷಿತವಾಗಿ ಮುಟ್ಟಿದರೆ ಅವನನ್ನು ಹಳೆಯ ಬೇಸ್‌ಗೆ ವಾಪಸ್ ಕಳಿಸಿ. ಬ್ಯಾಟರ್ ಹೊಡೆದರೆ, ಆ ಹೊಡೆತ ಎಷ್ಟು ಬೇಸ್‌ಗಳ ಬೆಲೆಯದ್ದು ಎಂದು ಪ್ಲೇಟ್ ಅಂಪೈರ್ (ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಇರುವವರು) ತೀರ್ಮಾನಿಸಬೇಕು. ಸಿಂಗಲ್ (ಒಂದು ಬೇಸ್‌ನ ಹೊಡೆತ) ಆದರೆ ಬ್ಯಾಟರ್ ಫಸ್ಟ್ ಬೇಸ್ ದಾಟುವಂತಿಲ್ಲ, ರನ್ನರ್ ತಾನು ಬಿಟ್ಟ ಬೇಸ್‌ಗೆ ಅಥವಾ ಅದಕ್ಕೆ ಅತಿ ಹತ್ತಿರದ ಖಾಲಿ ಬೇಸ್‌ಗೆ ಮರಳಬೇಕು. ಅಂದರೆ ಫಸ್ಟ್‌ನಿಂದ ಬೇಗ ಹೊರಟು ಸಿಂಗಲ್‌ಗೆ ಥರ್ಡ್‌ವರೆಗೆ ಓಡಿದ ಹುಡುಗ ಸೆಕೆಂಡ್‌ಗೆ ಬರುತ್ತಾನೆ, ಏಕೆಂದರೆ ಫಸ್ಟ್‌ನಲ್ಲಿ ಬ್ಯಾಟರ್ ನಿಂತಿದ್ದಾನೆ. ಒಬ್ಬ ಬೇಗ ಹೊರಟರೂ ಶಿಕ್ಷೆ ಎಲ್ಲ ರನ್ನರ್‌ಗಳಿಗೆ ತಟ್ಟುತ್ತದೆ.

ಇದರಲ್ಲಿ ಅತಿ ವಿಚಿತ್ರವಾದ ಸಂದರ್ಭವನ್ನು ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿಕೊಳ್ಳಿ, ಮೈದಾನದಲ್ಲಿ ಮೊದಲ ಸಲ ಎದುರಾದರೆ ಬಾಯಿ ಕಟ್ಟುತ್ತದೆ. ಮೂರೂ ಬೇಸ್ ತುಂಬಿವೆ, ಒಬ್ಬ ರನ್ನರ್ ಬೇಗ ಹೊರಟ, ಬ್ಯಾಟರ್ ಇನ್‌ಫೀಲ್ಡ್ (ಬೇಸ್‌ಗಳ ನಡುವಿನ ಜಾಗ) ಒಳಗೇ ಚೆಂಡು ಹೊಡೆದ, ಎಲ್ಲರೂ ಸುರಕ್ಷಿತ. ಆಗ ಪ್ರತಿಯೊಬ್ಬರೂ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ, ಥರ್ಡ್‌ನಲ್ಲಿದ್ದವನು ಮಾತ್ರ ಡಗ್‌ಔಟ್‌ಗೆ (ತಂಡ ಕೂರುವ ಜಾಗಕ್ಕೆ) ಹೋಗುತ್ತಾನೆ. ರನ್ ಇಲ್ಲ, ಔಟೂ ಇಲ್ಲ. ಇದನ್ನು ನೀವು ಜಾರಿ ಮಾಡಿದರೆ ಇಬ್ಬರೂ ಮ್ಯಾನೇಜರ್‌ಗಳು (ತಂಡಗಳ ಮುಖ್ಯ ಕೋಚ್‌ಗಳು) ಓಡಿ ಬರುತ್ತಾರೆ. ಪುಸ್ತಕ ಬ್ಯಾಗಿನಲ್ಲಿರಲಿ. ತೆರೆದು ನೋಡಿ ಹೇಳುವುದರಲ್ಲಿ ಅವಮಾನವೇನಿಲ್ಲ.

ಇಂಥ ನಿಯಮ ಯಾಕೆ ಬೇಕು ಎಂದು ನಿಮಗೆ ಅನ್ನಿಸಿರಬಹುದು. ಕಾರಣ ಅಳತೆಯಲ್ಲಿದೆ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಲಿಟಲ್ ಲೀಗ್ ಶುರುಮಾಡಿದಾಗ ಮಕ್ಕಳಿಗೆಂದೇ ಮೈದಾನವನ್ನು ಚಿಕ್ಕದು ಮಾಡಿದರು. ಇಂದಿಗೂ ನಿಮ್ಮ ವಿಭಾಗದಲ್ಲಿ ಬೇಸ್‌ನಿಂದ ಬೇಸ್‌ಗೆ 60 ಅಡಿ, ಪಿಚರ್‌ನಿಂದ ಹೋಮ್ ಪ್ಲೇಟ್‌ಗೆ 46 ಅಡಿ. ದೊಡ್ಡವರ ಮೈದಾನದಲ್ಲಿ ಇವು 90 ಮತ್ತು 60 ಅಡಿ 6 ಇಂಚು. ಹತ್ತು ವರ್ಷದ ಪಿಚರ್ ಗಂಟೆಗೆ 45 ಮೈಲಿ ವೇಗದಲ್ಲಿ ಎಸೆದ ಚೆಂಡು ಬ್ಯಾಟರ್‌ನನ್ನು ತಲುಪಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಚುರುಕಿನ ಹುಡುಗ ನಾಲ್ಕೈದು ಅಡಿ ಓಡಿರುತ್ತಾನೆ. ಅರವತ್ತು ಅಡಿಯಲ್ಲಿ ನಾಲ್ಕೈದು ಅಡಿ ಅಂದರೆ, ಆ ವಯಸ್ಸಿನ ಕ್ಯಾಚರ್ ಸೆಕೆಂಡ್‌ಗೆ ಎಸೆಯುವ ಪ್ರತಿಯೊಂದು ಚೆಂಡೂ ತಡವಾಗುತ್ತದೆ. ನೋಡಲು ಸಣ್ಣ ನಿಯಮ, ಆದರೆ ರನ್‌ಗಳು ನೇರವಾಗಿ ಇದರ ಮೇಲೆ ನಿಂತಿವೆ. ಹಾಗಾಗಿ ಮುಂದಿನ ವಾರ ಸಿಟ್ಟಾದ ಕೋಚ್ ಹೇಳಿದ್ದು ಸರಿ.

ಹುಡುಗರು ಬೇಗ ಹೊರಡುವುದು ಹೆಚ್ಚಾಗಿ ಮೋಸಕ್ಕಲ್ಲ. ಬೇರೆ ಸಂಸ್ಥೆಗಳ, ಊರೂರು ಸುತ್ತಿ ಆಡುವ ಟ್ರಾವೆಲ್ ತಂಡಗಳಲ್ಲಿ ಬೇಸ್‌ನಿಂದ ಮುಂದೆ ನಿಂತು ಲೀಡ್ ತೆಗೆದುಕೊಳ್ಳುವುದು ಅಭ್ಯಾಸವಾಗಿರುತ್ತದೆ, ಇಲ್ಲವೇ ಬೇಸ್ ಕೋಚ್ ಪಿಚರ್‌ನ ಕೈ ನೋಡಿ 'ಗೋ' ಎನ್ನುತ್ತಾರೆ. ಎರಡೂ ಸಂದರ್ಭದಲ್ಲಿ ತಿದ್ದಬೇಕಾದವರು ಕೋಚ್. ಇನಿಂಗ್ಸ್ ಮಧ್ಯೆ ಒಂದು ಮಾತು ಹೇಳಿದರೆ ಸಾಕಾಗುತ್ತದೆ.

ಒಂದು ಎಚ್ಚರಿಕೆ: ನೀವೊಬ್ಬರೇ ಅಂಪೈರ್ ಆಗಿ ಪ್ಲೇಟ್ ಹಿಂದೆ ನಿಂತಿದ್ದರೆ ಚೆಂಡನ್ನು ಮತ್ತು ಫಸ್ಟ್ ಬೇಸ್‌ನ ರನ್ನರ್ ಪಾದವನ್ನು ಒಟ್ಟಿಗೆ ನೋಡಲಾಗುವುದಿಲ್ಲ. ಸೆಕೆಂಡ್‌ನಲ್ಲಿರುವವನು ಪಿಚರ್‌ನ ಹಿಂದೆ ಕಾಣುತ್ತಾನೆ, ಥರ್ಡ್‌ನಲ್ಲಿರುವವನು ಕಣ್ಣಂಚಿನಲ್ಲಿ ಅಷ್ಟಿಷ್ಟು. ಕಾಣದಿದ್ದರೆ ಕೊಡಬೇಡಿ. 'ಅಷ್ಟು ಬೇಗ ತಲುಪಿದ ಅಂದರೆ ಬೇಗ ಹೊರಟಿರಲೇಬೇಕು' ಎಂಬ ಊಹೆಯ ಮೇಲೆ ಕೆಂಪು ಬಟ್ಟೆ ಬೀಳಬಾರದು. ಬಿಗಿತನ ಕಂಡದ್ದಕ್ಕೆ ಮಾತ್ರ ಅನ್ವಯಿಸುತ್ತದೆ. ಎರಡನೇ ಅಂಪೈರ್ ಸಿಕ್ಕರೆ ಅವರ ಮೊದಲ ಕೆಲಸವೇ ಈ ಪಾದಗಳನ್ನು ನೋಡುವುದು.

ಬ್ಯಾಟ್ ಎಸೆದ ಹುಡುಗಿಯ ವಿಷಯದಲ್ಲಿ ನೀವು ಔಟ್ ಕೊಡದಿದ್ದದ್ದು ಸರಿ. ಕೈ ಜಾರಿ ಬ್ಯಾಟ್ ಹಾರಿದರೆ ತಾನಾಗಿ ಔಟ್ ಎಂಬ ನಿಯಮ ಲಿಟಲ್ ಲೀಗ್ ಪುಸ್ತಕದಲ್ಲಿಲ್ಲ. ಬ್ಯಾಟ್ ಹೋಗಿ ಫೀಲ್ಡರ್‌ನ ಆಟಕ್ಕೆ ಅಡ್ಡಿಯಾದರೆ ಮಾತು ಬೇರೆ. ಇದನ್ನು ಸ್ಥಳೀಯ ನಿಯಮವಾಗಿ ಇಟ್ಟುಕೊಂಡಿರುವ ಲೀಗ್‌ಗಳಿವೆ. ನಿಮ್ಮಲ್ಲಿ ಹಾಗೆ ಲಿಖಿತವಾಗಿ ಇದ್ದರೆ ಜಾರಿ ಮಾಡಿ, ಬಾಯಿಮಾತಿನದಾದರೆ ಬೇಡ. ಆದರೆ ಪಕ್ಕದಲ್ಲೇ ಕೂತಿರುವ ಕ್ಯಾಚರ್‌ಗೆ ಅದು ನಿಜವಾದ ಅಪಾಯ, ಆದ್ದರಿಂದ ಸುಮ್ಮನಿರುವುದೂ ತಪ್ಪು. ಟೈಮ್ ಕರೆದು ಮ್ಯಾನೇಜರ್‌ಗೆ ಹೇಳಿ, ಆ ಬ್ಯಾಟ್ ಕೈಗೆ ತೆಗೆದುಕೊಂಡು ನೋಡಿ. ಗ್ರಿಪ್ ಸವೆದು ನುಣ್ಣಗಾಗಿರುವುದು ಅಥವಾ ಅಣ್ಣನ ಭಾರದ ಬ್ಯಾಟನ್ನು ತಂಗಿ ತಂದಿರುವುದು, ಹೆಚ್ಚಾಗಿ ಈ ಎರಡರಲ್ಲಿ ಒಂದು. ಮರದ್ದಲ್ಲದ ಬ್ಯಾಟ್‌ಗೆ ಹಿಡಿಯ ತುದಿಯಿಂದ ಕನಿಷ್ಠ 10 ಇಂಚು ಗ್ರಿಪ್ ಇರಲೇಬೇಕು. ಹರಿದಿದ್ದರೆ ಆ ಬ್ಯಾಟ್ ಆ ದಿನಕ್ಕೆ ಹೊರಗೆ.

ಗ್ಯಾಲರಿಯಿಂದ ಕೇಳಿಬರುವ ಇನ್ನೂ ನಾಲ್ಕು ಕೂಗುಗಳಿಗೆ ಈಗಲೇ ಉತ್ತರ ಇಟ್ಟುಕೊಂಡಿರಿ. 'ಕೈ ಬ್ಯಾಟಿನ ಭಾಗ' ಎನ್ನುತ್ತಾರೆ, ಅಲ್ಲ. ಕೈಗೆ ಬಿದ್ದ ಪಿಚ್ ಮೈಗೆ ಬಿದ್ದಂತೆಯೇ. 'ಸ್ಲೈಡ್ ಮಾಡಲೇಬೇಕಿತ್ತು' (ನೆಲದ ಮೇಲೆ ಜಾರಿ ಬೇಸ್ ಮುಟ್ಟಬೇಕಿತ್ತು) ಎನ್ನುತ್ತಾರೆ, ಹಾಗಿಲ್ಲ. ಚೆಂಡು ಹಿಡಿದು ಟ್ಯಾಗ್ ಮಾಡಲು (ಚೆಂಡಿನಿಂದ ಮುಟ್ಟಿ ಔಟ್ ಮಾಡಲು) ಕಾದಿರುವ ಫೀಲ್ಡರ್ ಎದುರಿದ್ದರೆ ಸ್ಲೈಡ್ ಮಾಡಬೇಕು ಅಥವಾ ಬಳಸಿ ಹೋಗಲು ಯತ್ನಿಸಬೇಕು. ಮುನ್ನುಗ್ಗುವಾಗ ತಲೆ ಮುಂದಾಗಿ ಸ್ಲೈಡ್ ಮಾಡಿದರೆ ಮಾತ್ರ ಮೇಜರ್ ಮತ್ತು ಅದಕ್ಕಿಂತ ಕೆಳಗಿನ ವಿಭಾಗಗಳಲ್ಲಿ ಔಟ್, ಬೇಸ್‌ಗೆ ಹಿಂದಿರುಗುವಾಗ ಪರವಾಗಿಲ್ಲ. 'ಹೆಲ್ಮೆಟ್ ತೆಗೆದ, ಔಟ್ ಕೊಡಿ' ಎನ್ನುತ್ತಾರೆ, ಔಟ್ ಇಲ್ಲ, ಎಚ್ಚರಿಕೆ ಇದೆ, ಬೇಕೆಂದೇ ಮತ್ತೆ ಮಾಡಿದರೆ ಪಂದ್ಯದಿಂದ ಹೊರಗೆ ಕಳಿಸಬಹುದು. ಇನ್ನು ಹೋಮ್ ಪ್ಲೇಟಿಗೆ ತಾಗಿದ ಚೆಂಡು ಫೌಲ್ ಎಂಬುದು. ಅದೂ ತಪ್ಪು, ಪ್ಲೇಟ್ ಪೂರ್ತಿ ಫೇರ್ ಜಾಗದಲ್ಲೇ, ಅಂದರೆ ಗೆರೆಗಳ ಒಳಗೇ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. 'ಸಣ್ಣಪುಟ್ಟದ್ದು ಬಿಟ್ಟುಬಿಡಿ' ಎನ್ನುವ ಹಳಬರ ಮಾತಿನಲ್ಲಿ ಸತ್ಯವಿದೆ, ಆದರೆ ಯಾವುದು ಸಣ್ಣದು ಎಂದು ಅವರು ಹೇಳುವುದಿಲ್ಲ. ಶಿಕ್ಷೆಯ ಗಾತ್ರ ನೋಡಿ ಸಣ್ಣದು-ದೊಡ್ಡದು ಎನ್ನಲಾಗದು. ಕೇಳಿಕೊಳ್ಳಬೇಕಾದದ್ದು ಬೇರೆ: ಈ ನಿಯಮ ಮಗುವಿನ ದೇಹವನ್ನು ಕಾಯುತ್ತಿದೆಯೇ? ಈ ತಪ್ಪಿನಿಂದ ಒಂದು ತಂಡಕ್ಕೆ ಲಾಭವಾಯಿತೇ? ಇದನ್ನು ಎತ್ತಿ ತೋರಿಸುವುದು ನನ್ನ ಕೆಲಸವೇ, ಎದುರು ತಂಡದ್ದೇ?

ದೇಹ ಕಾಯುವ ನಿಯಮಗಳಲ್ಲಿ ಸಡಿಲವೆಂಬುದೇ ಬೇಡ, ಆದರೆ ಅವುಗಳ ಜಾಗ ಪಂದ್ಯದ ಮೊದಲಿನ ಕಾಲು ಗಂಟೆ. ಅರ್ಧ ಗಂಟೆ ಮುಂಚೆ ಮೈದಾನದಲ್ಲಿರಿ. ಎರಡೂ ಡಗ್‌ಔಟ್ ಮುಂದೆ ಬ್ಯಾಟ್‌ಗಳನ್ನೂ ಹೆಲ್ಮೆಟ್‌ಗಳನ್ನೂ ಸಾಲಾಗಿ ಇಡಲು ಹೇಳಿ, ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ. ಮರದ್ದಲ್ಲದ ಬ್ಯಾಟ್ ಮೇಲೆ 'ಯುಎಸ್‌ಎ ಬೇಸ್‌ಬಾಲ್' ಗುರುತು ಇರಬೇಕು, 2018ರ ಜನವರಿ 1ರಿಂದ ಇದು ಕಡ್ಡಾಯ. ಟ್ರಾವೆಲ್ ಬಾಲ್‌ಗೆಂದು ಮಾರುವ 'ಯುಎಸ್‌ಎಸ್‌ಎಸ್‌ಎ' ಗುರುತಿನ ಬ್ಯಾಟ್ ನೋಡಲು ಅದೇ ಥರ ಇರುತ್ತದೆ, ಚೆಂಡನ್ನು ಇನ್ನೂ ಜೋರಾಗಿ ಚಿಮ್ಮಿಸುತ್ತದೆ. ಪೋಷಕರು ಗೊತ್ತಿಲ್ಲದೆ ನೂರಾರು ಡಾಲರ್ ಕೊಟ್ಟು ತಂದಿರುತ್ತಾರೆ. ಆಟ ಶುರುವಾಗುವ ಮೊದಲು ಸಿಕ್ಕರೆ 'ಇದು ಕಾರಿನಲ್ಲಿರಲಿ' ಎಂದರೆ ಮುಗಿಯಿತು. ಅದೇ ಬ್ಯಾಟ್ ಹಿಡಿದು ಮಗು ಹೊಡೆದ ಮೇಲೆ ಸಿಕ್ಕರೆ ಮಗು ಔಟ್, ಜೊತೆಗೆ ತಂಡದ ದೊಡ್ಡವರಿಗೂ ದಂಡನೆ. ಒಂದು ನಿಮಿಷದ ತಪಾಸಣೆ ತಪ್ಪಿಸಿದ ಅಂಪೈರ್ ಮಗುವನ್ನು ಅಳಿಸುವುದು ಇಲ್ಲಿ.

ಬ್ಯಾಟಿನ ಮೇಲೆ ಬೆರಳಾಡಿಸಿ. ಬಿರುಕು, ಚೂಪಾದ ಏಣು, ಒಳಗೆ ಗಲಗಲ ಶಬ್ದ ಇದ್ದರೆ ಹೊರಗಿಡಿ. ಬ್ಯಾರೆಲ್ 2⅝ ಇಂಚು ಮೀರಬಾರದು, ಉದ್ದ 33 ಇಂಚು. ಹೆಲ್ಮೆಟ್‌ನಲ್ಲಿ 'ನಾಕ್ಸೇ' ಎಂಬ ಸುರಕ್ಷತಾ ಮಾನದಂಡದ ಗುರುತು, ಒಳಗಿನ ಸ್ಪಂಜು ಎರಡೂ ಕಡೆ ಇದೆಯೇ, ಚಿಪ್ಪು ಸೀಳಿದೆಯೇ ನೋಡಿ. ಕ್ಯಾಚರ್ ಮಾಸ್ಕ್‌ಗೆ ಗಂಟಲ ಕೆಳಗೆ ನೇತಾಡುವ ಗಾರ್ಡ್ ಬೇಕು, ಹಾಕಿ ಮಾದರಿಯ ಹೆಲ್ಮೆಟ್‌ಗೂ ಬೇಕು. 'ಇದರಲ್ಲೇ ಗಂಟಲು ಮುಚ್ಚಿದೆಯಲ್ಲ' ಎಂಬ ವಾದಕ್ಕೆ ಸೋಲಬೇಡಿ. ಹುಡುಗ ಕ್ಯಾಚರ್ ಆದರೆ ಕಪ್ (ತೊಡೆಸಂದಿಯ ಗಾರ್ಡ್) ಹಾಕಿದ್ದಾನೆಯೇ ಎಂದು ಕೋಚ್‌ನ ಬಾಯಿಂದ ಹೇಳಿಸಿ, ಮಗುವನ್ನು ಎಲ್ಲರೆದುರು ಕೇಳಬೇಡಿ. ಲೋಹದ ಮುಳ್ಳಿನ ಬೂಟು ನಿಮ್ಮ ವಿಭಾಗದಲ್ಲಿ ಇಲ್ಲ. ಡಗ್‌ಔಟ್ ಹೊರಗೆ ನಿಂತು ಬ್ಯಾಟ್ ಬೀಸುತ್ತ ತನ್ನ ಸರದಿ ಕಾಯುವುದೂ ಇಲ್ಲ, ಟಿವಿಯಲ್ಲಿ ದೊಡ್ಡವರು ಮಾಡುವುದನ್ನು ನೋಡಿ ಮಕ್ಕಳು ಅನುಕರಿಸುತ್ತಾರೆ. ಪ್ರತಿ ಅರ್ಧ ಇನಿಂಗ್ಸ್‌ನ ಮೊದಲ ಬ್ಯಾಟರ್‌ಗೆ ಮಾತ್ರ ಹೊರಗೆ ಬರಲು ಅನುಮತಿ. ಗುಡುಗು ಕೇಳಿಸಿದರೆ ಎಲ್ಲರೂ ಒಳಗೆ, ಕೊನೆಯ ಗುಡುಗಿನಿಂದ 30 ನಿಮಿಷ. 'ಇನ್ನೊಂದೇ ಔಟು, ಮುಗಿಸಿಬಿಡೋಣ' ಎಂದು ಇಬ್ಬರೂ ಮ್ಯಾನೇಜರ್‌ಗಳು ಸೇರಿ ಕೇಳಿದರೂ ಇಲ್ಲ ಅನ್ನಿ.

ಕಪ್ಪು ದಾರದ ಪ್ರಶ್ನೆ ಇದೇ ಕಾಲು ಗಂಟೆಗೆ ಸೇರಿದ್ದು. ಆಭರಣದ ನಿಯಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಇತ್ತೀಚೆಗೆ ಸಡಿಲಿಸಿದವರೂ ಇದ್ದಾರೆ. ಸೀಸನ್ ಶುರುವಾಗುವ ಮೊದಲೇ ನಿಮ್ಮ ಲೀಗ್‌ನ ಮುಖ್ಯ ಅಂಪೈರ್‌ಗೆ ಇಮೇಲ್ ಬರೆದು, ಈ ವರ್ಷದ ಪುಸ್ತಕದಂತೆ ದಾರ, ಕಡಗ, ಓಲೆಗಳಿಗೆ ಏನು ಎಂದು ಲಿಖಿತ ಉತ್ತರ ಪಡೆಯಿರಿ. ಹತ್ತಿಯ ದಾರದಿಂದ ಆಗುವ ಅಪಾಯ ಕಡಿಮೆ. ಕಡಗ, ಉಂಗುರ, ನೇತಾಡುವ ಓಲೆ ಹಾಗಲ್ಲ, ಸ್ಲೈಡ್ ಮಾಡುವಾಗ ಬೇಸ್‌ನ ಅಂಚಿಗೋ ಇನ್ನೊಬ್ಬರ ಬಟ್ಟೆಗೋ ಸಿಕ್ಕಿಕೊಂಡರೆ ಬೆರಳು, ಕಿವಿ ಹರಿಯುತ್ತದೆ. ಹೊಸದಾಗಿ ಕಿವಿ ಚುಚ್ಚಿಸಿದ ಹುಡುಗಿಗೆ ಪಂದ್ಯದ ದಿನ ಓಲೆ ತೆಗೆಯಲು ಆಗುವುದಿಲ್ಲ. ಅದಕ್ಕೇ ಪೋಷಕರಿಗೆ ಮೊದಲೇ ತಿಳಿಸಬೇಕು. ದೇವರ ದಾರ, ಸಿಖ್ಖರ ಕಡ ಇಂಥವು ಧಾರ್ಮಿಕ ವಿಷಯ, ತೀರ್ಮಾನ ಲೀಗ್ ಮಂಡಳಿಯದ್ದಾಗಲಿ. ಡಗ್‌ಔಟ್ ಮುಂದೆ ಕತ್ತರಿ ಹಿಡಿದು ನಿಲ್ಲುವ ಸ್ಥಿತಿ ಬರಬಾರದು. ಪಿಚರ್ ವಿಷಯ ಮಾತ್ರ ಬೇರೆ. ಅವನ ಮಣಿಕಟ್ಟಿನಲ್ಲಿ ಸ್ವೆಟ್‌ಬ್ಯಾಂಡ್ ಕೂಡ ಇರುವಂತಿಲ್ಲ, ಒಳಅಂಗಿಯ ತೋಳು ಬಿಳಿ ಅಥವಾ ಬೂದು ಬಣ್ಣದ್ದಾಗಿರಬಾರದು. ಬ್ಯಾಟರ್‌ಗೆ ಚೆಂಡು ಕೈಯಿಂದ ಹೊರಡುವ ಕ್ಷಣ ಸ್ಪಷ್ಟವಾಗಿ ಕಾಣಬೇಕು, ಅಲ್ಲಿ ಬಿಳಿಯದೇನಾದರೂ ಅಲುಗಾಡಿದರೆ ಅಪಾಯ ಬ್ಯಾಟರ್‌ನ ಮುಖಕ್ಕೆ.

ಪಿಚ್ ಲೆಕ್ಕವೂ ದೇಹ ಕಾಯುವ ನಿಯಮವೇ. ಬೆಳೆಯುವ ಮಕ್ಕಳ ಮೊಣಕೈಯಲ್ಲಿ ಮೂಳೆಯ ತುದಿ ಇನ್ನೂ ಮೃದುವಾದ ಬೆಳವಣಿಗೆಯ ಪದರಕ್ಕೆ ಅಂಟಿಕೊಂಡಿರುತ್ತದೆ, ಅತಿಯಾಗಿ ಎಸೆದರೆ ಮೊದಲು ಜಗ್ಗುವುದು ಅದೇ. ಲಿಟಲ್ ಲೀಗ್‌ನಲ್ಲಿ ದಿನಕ್ಕೆ 8 ವರ್ಷದವರೆಗೆ 50, 9-10 ವರ್ಷಕ್ಕೆ 75, 11-12ಕ್ಕೆ 85 ಪಿಚ್ ಮಿತಿ. ಬ್ಯಾಟರ್ ಮಧ್ಯದಲ್ಲಿ ಮಿತಿ ಮುಟ್ಟಿದರೆ ಆ ಬ್ಯಾಟರ್ ಮುಗಿಯುವವರೆಗೆ ಎಸೆಯಬಹುದು. ನಿಮ್ಮ ಮಗನ ವಯಸ್ಸಿನವರಿಗೆ 21ರಿಂದ 35 ಪಿಚ್‌ಗೆ ಒಂದು ದಿನ ವಿಶ್ರಾಂತಿ, 36ರಿಂದ 50ಕ್ಕೆ ಎರಡು, 51ರಿಂದ 65ಕ್ಕೆ ಮೂರು, 66 ಅಥವಾ ಅದಕ್ಕಿಂತ ಹೆಚ್ಚಾದರೆ ನಾಲ್ಕು ದಿನ. 41 ಅಥವಾ ಹೆಚ್ಚು ಪಿಚ್ ಎಸೆದವನು ಆ ದಿನ ಕ್ಯಾಚರ್ ಆಗುವಂತಿಲ್ಲ. ಎಣಿಸುವುದು ಸ್ಕೋರರ್ ಕೆಲಸ, ತಿಳಿದ ತಕ್ಷಣ ಮ್ಯಾನೇಜರ್‌ಗೆ ಹೇಳುವುದು ನಿಮ್ಮದು. ನೀವು ಹೇಳದಿದ್ದರೂ ಹೊಣೆ ಮ್ಯಾನೇಜರ್‌ನದೇ. 'ಇನ್ನು ಮೂರು ಪಿಚ್ ಅಷ್ಟೇ' ಎಂಬ ಚೌಕಾಸಿಗೆ ಇಲ್ಲಿ ಜಾಗವಿಲ್ಲ.

ಇನ್ನು ಲಾಭದ ಪ್ರಶ್ನೆ. ಪಿಚರ್ ಕಾಲು ರಬ್ಬರ್ ಮೇಲೆ ಇರಲಿಲ್ಲ ಎಂದು ದೂರಿದವರು ನಿಯಮದ ಲೆಕ್ಕದಲ್ಲಿ ಸರಿ. ಅದು ಅಕ್ರಮ ಪಿಚ್. ನಿಮ್ಮ ವಿಭಾಗದಲ್ಲಿ ಬಾಕ್ (ಪಿಚರ್ ತಪ್ಪಿಗೆ ರನ್ನರ್‌ಗಳನ್ನು ಒಂದು ಬೇಸ್ ಮುಂದೆ ಕಳಿಸುವುದು) ಇಲ್ಲ, ಶಿಕ್ಷೆ ಏನೆಂದರೆ ಬ್ಯಾಟರ್ ಲೆಕ್ಕಕ್ಕೆ ಒಂದು 'ಬಾಲ್' (ನಾಲ್ಕಾದರೆ ಬ್ಯಾಟರ್ ಫಸ್ಟ್‌ಗೆ ನಡೆಯುತ್ತಾನೆ), ರನ್ನರ್‌ಗಳು ಇದ್ದಲ್ಲೇ. ಆದರೆ ರಬ್ಬರ್‌ನ ಮುಂದೆ ಒಮ್ಮೆ ಹೋಗಿ ನೋಡಿ. ಐದಾರು ಪಿಚರ್‌ಗಳು ಕಾಲೂರಿ ತೋಡಿದ ಗುಂಡಿ ಅಲ್ಲಿರುತ್ತದೆ. ಮಗು ಗುಂಡಿ ತಪ್ಪಿಸಲು ನಾಲ್ಕು ಬೆರಳು ಮುಂದೆಯೋ ಪಕ್ಕಕ್ಕೋ ಕಾಲಿಡುತ್ತದೆ. ಇಂಥಲ್ಲಿ 'ಬಾಲ್' ಕೊಡುತ್ತ ಹೋದರೆ ಮಗು ಗುಂಡಿಯನ್ನೂ ನಿಮ್ಮನ್ನೂ ನೋಡುತ್ತ ಎಸೆಯುವುದನ್ನೇ ಮರೆಯುತ್ತದೆ. ಟೈಮ್ ಕರೆಯಿರಿ, ಕೋಚ್ ಕೈಲಿ ಗುಂಡಿ ಮುಚ್ಚಿಸಿ ತುಳಿಸಿ, ಪಿಚರ್‌ಗೆ ಮೆಲ್ಲಗೆ 'ಪಾದ ರಬ್ಬರ್‌ಗೆ ತಾಗಿರಲಿ' ಅನ್ನಿ. ಮುಂದಿನ ಇನಿಂಗ್ಸ್‌ನಲ್ಲೂ ಅದೇ ಆದರೆ ಕ್ಯಾಚರ್ ಮೂಲಕ ಇನ್ನೊಮ್ಮೆ ಹೇಳಿ. ಆಮೇಲೂ ಒಂದಡಿ ಮುಂದೆ ಬಂದು ಎಸೆಯುತ್ತಿದ್ದರೆ 'ಬಾಲ್' ಕೊಡಿ, ಈಗದು ಲಾಭ.

ಇದೇ ಅಕ್ರಮ ಪಿಚ್‌ಗಳ ಪಟ್ಟಿಯಲ್ಲಿ ಇನ್ನೊಂದು ಇದೆ: ಬ್ಯಾಟರ್ ಇನ್ನೂ ಸಿದ್ಧನಾಗುವ ಮೊದಲೇ ಎಸೆದುಬಿಡುವುದು. ಅದಕ್ಕೆ ಮೊದಲ ಸಲವೇ ಶಿಕ್ಷೆ, ಎಚ್ಚರಿಕೆ ಇಲ್ಲ. ತಲೆ ಎತ್ತದ ಮಗುವಿನ ಕಡೆಗೆ ಚೆಂಡು ಬರುತ್ತಿರುತ್ತದೆ. ಒಂದೇ ನಿಯಮ, ಒಂದೇ ಶಿಕ್ಷೆ, ಎರಡು ಬೇರೆ ನಡೆ. ಹಳಬರಿಗೆ ಇದು ಕೈಗೆ ಬಂದಿರುತ್ತದೆ, ಹೇಳಲು ಬರುವುದಿಲ್ಲ.

'ಮೊದಲು ಎಚ್ಚರಿಕೆ, ಆಮೇಲೆ ಶಿಕ್ಷೆ' ಎಂಬುದು ಬಹಳ ಜನರಿಗೆ ಹಿಡಿಸುವ ಮಧ್ಯದಾರಿ. ಅದರಲ್ಲಿ ಒಂದು ತೂತಿದೆ. ಬೇಗ ಬೇಸ್ ಬಿಟ್ಟವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿರಿ, ಆ ಒಂದು ಸಲವೇ ಗೆಲುವಿನ ರನ್ ಬಂತು. ಎದುರು ತಂಡದ ಮಕ್ಕಳಿಗೆ ನಿಮ್ಮ ಕರುಣೆಯ ಬೆಲೆ ಒಂದು ಸೋಲು. ಆದ್ದರಿಂದ ಎಚ್ಚರಿಕೆ ಕೊಡಬಹುದಾದದ್ದು ಲಾಭ ಸಿಗದ ತಪ್ಪಿಗೆ ಮಾತ್ರ. ಅಂಗಿ ಒಳಗೆ ಸೇರಿಸದಿರುವುದು, ಪಿಚ್‌ಗಳ ನಡುವೆ ಬ್ಯಾಟರ್ ಬಾಕ್ಸ್ ಬಿಟ್ಟು ಅಡ್ಡಾಡುವುದು (ಪುಸ್ತಕವೇ ಇದಕ್ಕೆ ಒಂದು ಎಚ್ಚರಿಕೆ, ಆಮೇಲೆ ಸ್ಟ್ರೈಕ್ ಎನ್ನುತ್ತದೆ, ಮೂರು ಸ್ಟ್ರೈಕ್ ಆದರೆ ಔಟ್), ಡಗ್‌ಔಟ್‌ನಿಂದ ಇಣುಕುವುದು ಇಂಥವು. ಔಟ್, ರನ್, ಬೇಸ್ ಬದಲಾಗುವ ಕಡೆ ನಿಯಮ ಇದ್ದ ಹಾಗೆ ನಡೆಯಲಿ. ಇನ್ನೊಂದು ಕಡೆ, ಎಲ್ಲವನ್ನೂ ಪುಸ್ತಕದಂತೆಯೇ ಎಂದು ಹೊರಟವರು ಮೈನರ್ ವಿಭಾಗದಲ್ಲಿ ಎರಡು ಇನಿಂಗ್ಸ್ ಮುಗಿಸುವಷ್ಟರಲ್ಲಿ ಕತ್ತಲಾಗುತ್ತದೆ.

ನಿಯಮದಲ್ಲೇ ವಿವೇಚನೆ ಕೊಟ್ಟಿರುವ ಜಾಗಗಳೂ ಇವೆ, ಅಲ್ಲಿ ವಯಸ್ಸು ನೋಡುವುದು ಸಡಿಲವಲ್ಲ. ಇನ್‌ಫೀಲ್ಡ್ ಫ್ಲೈಗೆ (ಕ್ಯಾಚ್ ಹಿಡಿಯುವ ಮೊದಲೇ ಬ್ಯಾಟರ್ ಔಟ್ ಎಂದು ಅಂಪೈರ್ ಕೂಗುವ ಕರೆಗೆ) 'ಸಾಮಾನ್ಯ ಪ್ರಯತ್ನದಿಂದ' ಹಿಡಿಯಬಹುದಾದ ಕ್ಯಾಚ್ ಆಗಿರಬೇಕು. ಒಂಬತ್ತು ವರ್ಷದ ಶಾರ್ಟ್‌ಸ್ಟಾಪ್ ಫೀಲ್ಡರ್‌ಗೆ ಯಾವುದು ಸಾಮಾನ್ಯ ಎಂದು ಆ ವಯಸ್ಸಿಗೇ ಅಳೆಯಬೇಕು. ಕೈ ಚಾಚಿ ಹಿಂದಕ್ಕೆ ಓಡುತ್ತ ತತ್ತರಿಸುವ ಮಗುವಿನ ತಲೆ ಮೇಲಿನ ಚೆಂಡಿಗೆ ಆ ಕರೆ ಬೇಡ. ಸ್ಟ್ರೈಕ್ ಝೋನ್, ಅಂದರೆ ಚೆಂಡು ಹಾದರೆ ಸ್ಟ್ರೈಕ್ ಆಗುವ ಚೌಕಟ್ಟು, ಹಾಗೆಯೇ. ಪ್ಲೇಟ್ ಅಗಲ 17 ಇಂಚು, ಚೆಂಡಿನ ವ್ಯಾಸ ಸುಮಾರು 2.9 ಇಂಚು. ಚೆಂಡಿನ ಒಂದಂಚು ಪ್ಲೇಟಿನ ಅಂಚಿನ ಮೇಲೆ ಹಾದರೂ ಸ್ಟ್ರೈಕ್, ಅಂದರೆ ಪುಸ್ತಕದ ಝೋನೇ ಸುಮಾರು 23 ಇಂಚು ಅಗಲ. ಹೊಸ ಅಂಪೈರ್‌ಗಳು ಇದನ್ನು ಮರೆತು ಕಿರಿದಾಗಿ ಕರೆಯುತ್ತಾರೆ. ನಡೆದೂ ನಡೆದೂ ಬೇಸ್ ತುಂಬಿ ಫೀಲ್ಡ್‌ನಲ್ಲಿ ಮಕ್ಕಳು ಹುಲ್ಲು ಕೀಳುತ್ತ ಕೂರುತ್ತಾರೆ. ಮೇಲೆ ಕಂಕುಳು, ಕೆಳಗೆ ಮಂಡಿಯ ಮೇಲ್ತುದಿ. ಹತ್ತು ವರ್ಷದವರಿಗೆ ಹೊರಬದಿಯಲ್ಲಿ ಇನ್ನೊಂದು ಚೆಂಡಿನಷ್ಟು ಅಗಲ ಕೊಡುವುದು ರೂಢಿ, ನನಗೂ ಅದು ಸರಿ ಎನಿಸುತ್ತದೆ. ಒಳಬದಿಯಲ್ಲಿ ಬೇಡ, ಮೈಗೆ ಹತ್ತಿರದ ಚೆಂಡಿಗೆ ಮಕ್ಕಳು ನಿಲ್ಲುವ ಧೈರ್ಯ ಕಳೆದುಕೊಳ್ಳುತ್ತಾರೆ. ಕೊಟ್ಟ ಅಗಲ ಕೊನೆಯ ಇನಿಂಗ್ಸ್‌ವರೆಗೂ ಎರಡೂ ತಂಡಕ್ಕೂ ಒಂದೇ ಇರಬೇಕು.

ಮೂರನೆಯದು, ನೀವು ಕಂಡರೂ ಬಾಯಿ ಬಿಡಬಾರದ ನಿಯಮಗಳು. ಸರದಿ ತಪ್ಪಿ ಬ್ಯಾಟ್ ಮಾಡಲು ಬಂದ ಮಗು, ಬೇಸ್ ಮುಟ್ಟದೆ ದಾಟಿದ ರನ್ನರ್, ಕ್ಯಾಚ್ ಆಗುವ ಮೊದಲೇ ಬೇಸ್ ಬಿಟ್ಟವನು, ಇವು ಎದುರು ತಂಡ ಅಪೀಲ್ ಮಾಡಿದರೆ ಮಾತ್ರ ಔಟ್. ಕಲಿಸುವ ಆಸೆಯಿಂದ 'ಲೋ, ಸೆಕೆಂಡ್ ಮುಟ್ಟಿಲ್ಲ' ಎಂದರೆ ಅವನ ತಂಡಕ್ಕೆ ಆಡಿಕೊಟ್ಟ ಹಾಗೆ. ಕಣ್ಣೂ ಆ ಕಡೆ ಹೋಗಬಾರದು. ಚುರುಕಾದ ಕೋಚ್‌ಗಳು ಅಂಪೈರ್ ಎಲ್ಲಿ ನೋಡುತ್ತಿದ್ದಾರೆ ಎಂಬುದನ್ನೇ ನೋಡಿ ಅಪೀಲ್ ಮಾಡಿಸುತ್ತಾರೆ. ಪ್ರತಿ ಮಗುವಿಗೂ ಕನಿಷ್ಠ ಆಟದ ಅವಕಾಶ ಸಿಗಬೇಕೆಂಬ ನಿಯಮವನ್ನು ನೋಡಿಕೊಳ್ಳುವುದೂ ಲೀಗ್ ಮಂಡಳಿ, ನೀವಲ್ಲ. ಅಮ್ಮ ಒಬ್ಬರು ಬೇಲಿಯ ಬಳಿ ಬಂದು ಮಗನನ್ನು ಆಡಿಸುತ್ತಿಲ್ಲ ಎಂದರೆ ಮಂಡಳಿಯವರ ಕಡೆ ಕೈ ತೋರಿಸಿ.

ಇದೆಲ್ಲ ಪ್ಲೇಟ್ ಹತ್ತಿರದ ಸಭೆಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಇಬ್ಬರು ಮ್ಯಾನೇಜರ್‌ಗಳಿಗೂ ಒಟ್ಟಿಗೆ ಹೇಳಿ: ಬೇಗ ಬೇಸ್ ಬಿಟ್ಟರೆ ಕೆಂಪು ಬಟ್ಟೆ ಬೀಳುತ್ತದೆ, ಎಚ್ಚರಿಕೆ ಇಲ್ಲ. ರಬ್ಬರ್ ವಿಷಯದಲ್ಲಿ ಮೊದಲು ಹೇಳುತ್ತೇನೆ. ಸ್ಥಳೀಯ ನಿಯಮ ಏನಿದೆ, ಕಾಗದ ತೋರಿಸಿ. ಪ್ರಶ್ನೆ ಇದ್ದರೆ ಟೈಮ್ ಕೇಳಿ ಮ್ಯಾನೇಜರ್ ಮಾತ್ರ ಬರಬೇಕು. ನಿಯಮದ ಬಗ್ಗೆ ಕೇಳಬಹುದು, ಔಟೋ ಸೇಫೋ, ಸ್ಟ್ರೈಕೋ ಬಾಲೋ ಎಂಬ ನಿರ್ಣಯದ ಬಗ್ಗೆ ವಾದವಿಲ್ಲ. ನಿಯಮ ತಪ್ಪಾಗಿ ಜಾರಿಯಾಯಿತು ಎನಿಸಿದರೆ ಮುಂದಿನ ಪಿಚ್‌ಗೆ ಮೊದಲೇ ಪ್ರೊಟೆಸ್ಟ್ ದಾಖಲಿಸಬೇಕು. ಅಂದು ನೀವು ಕೊಟ್ಟ ಔಟ್‌ಗೆ ಯಾವ ಮ್ಯಾನೇಜರೂ ಪ್ರೊಟೆಸ್ಟ್ ಮಾಡಲಿಲ್ಲ ಎಂದರೆ ಅವರಿಗೂ ಪುಸ್ತಕ ಗೊತ್ತಿರಲಿಲ್ಲ.

ಪೋಷಕರ ಕೂಗಿಗೆ ನೀವು ನೇರ ಉತ್ತರ ಕೊಡಬೇಕಾಗಿಲ್ಲ. ಮಿತಿ ಮೀರಿದರೆ ಟೈಮ್ ಕರೆದು, ಅವರ ತಂಡದ ಮ್ಯಾನೇಜರ್‌ಗೆ 'ಇದನ್ನು ನೀವು ನೋಡಿಕೊಳ್ಳಿ' ಅನ್ನಿ. ಆಮೇಲೂ ನಿಲ್ಲದಿದ್ದರೆ ಆಟ ನಿಲ್ಲಿಸಿ ಮಂಡಳಿಯವರಿಗಾಗಿ ಕಾಯಿರಿ. ಅಳುವ ಮಗುವಿನ ಹತ್ತಿರ ಹೋಗಿ ವಿವರಿಸಲು ನಿಲ್ಲಬೇಡಿ, ಎಲ್ಲರ ಕಣ್ಣೂ ಅದರ ಮೇಲೆ ಬೀಳುತ್ತದೆ. ಕರೆ ಸ್ಪಷ್ಟವಾಗಿರಲಿ, ಕೈ ಸನ್ನೆ ಚಿಕ್ಕದಾಗಿರಲಿ. ಸಮಾಧಾನ ಮಾಡಲು ಬೇಸ್ ಕೋಚ್ ಇದ್ದಾರೆ. ಟಿವಿಯ ಅಂಪೈರ್ ಥರ ಮುಷ್ಟಿ ಬೀಸಿ ಔಟ್ ಕೊಡುವುದು ಹತ್ತು ವರ್ಷದವರ ಮುಂದೆ ಬೇಡವೇ ಬೇಡ.

ಮಗನ ತಂಡದ ಪಂದ್ಯಕ್ಕೆ ಪ್ಲೇಟ್ ಹಿಂದೆ ನಿಲ್ಲಬೇಡಿ. ನೀವು ಎಷ್ಟೇ ನೇರವಾಗಿದ್ದರೂ ಒಂದು ಹತ್ತಿರದ ಸ್ಟ್ರೈಕ್ ಸಾಕು. ನೇರವಾಗಿರಲು ಹೋಗಿ ಸ್ವಂತ ಮಗನಿಗೇ ಝೋನ್ ದೊಡ್ಡದು ಮಾಡುವ ಅಪ್ಪಂದಿರೂ ಇದ್ದಾರೆ, ಅದನ್ನು ಮಗ ಮನೆಗೆ ಹೊತ್ತು ತರುತ್ತಾನೆ. ಮಗನ ತಂಡ ಆಡದ ದಿನ ಅದೇ ವಿಭಾಗದ ಬೇರೆ ಪಂದ್ಯ ಕೇಳಿ ತೆಗೆದುಕೊಳ್ಳಿ, ಅಥವಾ ಕೆಳಗಿನ ವಿಭಾಗಕ್ಕೆ ಹೋಗಿ. ಬೇರೆ ಯಾರೂ ಸಿಗದೆ ನಿಲ್ಲಲೇಬೇಕಾದರೆ ಬೇಸ್ ಅಂಪೈರ್ ಆಗಿ ನಿಲ್ಲಿ, ಪಂದ್ಯದ ಮೊದಲೇ ಎದುರು ತಂಡದ ಮ್ಯಾನೇಜರ್‌ಗೆ ಮಗ ಯಾರೆಂದು ಹೇಳಿ, ಅವರು ಒಪ್ಪಿದರೆ ಮಾತ್ರ.